ಹೊತ್ತಿಗೆ ತಕ್ಕಂತೆ ತಾನಾಗಿ ಇಳಿಯುವ ಬೆಳಕು: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮಜ್ಜಿ ಮಲಗುವ ಮುಂಚೆ ಲಾಟೀನಿನ ಬತ್ತಿ ಇಳಿಸುತ್ತಿದ್ದರು. ಪಕ್ಕದ ಪುಟ್ಟ ತಿರುಪನ್ನು ಎರಡು ಬೆರಳಲ್ಲಿ ಹಿಡಿದು ನಿಧಾನವಾಗಿ ತಿರುಗಿಸುವುದು. ಗಾಜಿನೊಳಗೆ ಉರಿ ಉಗುರಿನಷ್ಟು ಉಳಿದಾಗ ಕೈ ಬಿಡುವುದು. ಆ ಬೆಳಕಲ್ಲಿ ಗೋಡೆ ಕಾಣುತ್ತಿತ್ತು, ಬಾಗಿಲು ಕಾಣುತ್ತಿತ್ತು, ಅಷ್ಟೇ. ಕರೆಂಟು ಬಂದ ಮೇಲೆ ಆ ತಿರುಪು ಮನೆಯಿಂದ ಹೋಯಿತು. ಒಂದೋ ಪೂರ್ತಿ ಬೆಳಕು, ಇಲ್ಲವೇ ಪೂರ್ತಿ ಕತ್ತಲು.

ಸ್ಮಾರ್ಟ್ ಲೈಟು, ಅಂದರೆ ಫೋನಿನಿಂದ ನಡೆಸಬಹುದಾದ ಲೈಟು, ಹಾಕಿಸಿದವರು ಆ ತಿರುಪನ್ನು ಮನೆಗೆ ವಾಪಸ್ ತರಬಹುದು. ಮೈಸೂರಿನ ನಮ್ಮ ಮನೆಯಲ್ಲಿ ನಾಲ್ಕು ವರ್ಷದಿಂದ ಇದು ನಡೆಯುತ್ತಿದೆ. ನೆಂಟರು, ಗೆಳೆಯರು, ಅಕ್ಕಪಕ್ಕದವರು ಬಂದಾಗಲೆಲ್ಲ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

ಇದು ನಿಜವಾಗಿ ಬೇಕಾ? ಸುಮ್ನೆ ಶೋಕಿ ಅಲ್ವಾ?

ಶೋಕಿಗೆ ಮಾಡುವುದಾದರೆ ಬೇಡ. ನಿದ್ದೆಗಾಗಿ ಮಾಡುವುದಾದರೆ ಖಂಡಿತ ಬೇಕು ಅನ್ನುತ್ತೇನೆ.

ನಮ್ಮ ಕಣ್ಣಿನಲ್ಲಿ ಹೊತ್ತು ತಿಳಿಯುವುದಕ್ಕೆಂದೇ ಒಂದು ಬಗೆಯ ಜೀವಕೋಶಗಳಿವೆ. ಅವುಗಳಲ್ಲಿ ಮೆಲನೋಪ್ಸಿನ್ ಎಂಬ ವಸ್ತು ಇರುತ್ತದೆ. ಈ ಕೋಶಗಳು ತಾವೇ ನೇರವಾಗಿ ಬೆಳಕನ್ನು ಹಿಡಿಯುತ್ತವೆ ಎಂದು ಗೊತ್ತಾಗಿದ್ದು 2002ರಲ್ಲಿ. 480 ನ್ಯಾನೊಮೀಟರ್ ಆಸುಪಾಸಿನ ನೀಲಿ ಬೆಳಕು ಇವಕ್ಕೆ ಜಾಸ್ತಿ ತಾಗುತ್ತದೆ. ರಾತ್ರಿ ಹತ್ತಕ್ಕೆ ತಲೆಯ ಮೇಲೆ ಬಿಳಿ ಟ್ಯೂಬ್‌ಲೈಟ್ ಉರಿಯುತ್ತಿದ್ದರೆ, ಇನ್ನೂ ಹಗಲಿದೆ ಎಂದು ಈ ಕೋಶಗಳು ಮೆದುಳಿಗೆ ಹೇಳುತ್ತಿರುತ್ತವೆ. ರಾತ್ರಿಯಾಯಿತು ಎಂದು ಮೈಗೆ ತಿಳಿಸುವ ಮೆಲಟೋನಿನ್ ತಡವಾಗಿ ಬರುತ್ತದೆ.

2022ರಲ್ಲಿ ಈ ವಿಷಯದ ಸಂಶೋಧಕರ ಒಂದು ತಂಡ ಒಟ್ಟಾಗಿ ಶಿಫಾರಸು ಕೊಟ್ಟಿತು. ಹಗಲಲ್ಲಿ ಕಣ್ಣಿಗೆ ಕನಿಷ್ಠ 250 ಲಕ್ಸ್ (ಲಕ್ಸ್ ಅಂದರೆ ಬೆಳಕಿನ ಅಳತೆ) ಬೀಳಲಿ. ಮಲಗುವ ಮೂರು ಗಂಟೆ ಮುಂಚಿನಿಂದ 10 ಲಕ್ಸ್ ದಾಟದಿರಲಿ. ಮಲಗಿದ ಮೇಲೆ 1 ಲಕ್ಸ್ ದಾಟದಿರಲಿ. ಇವು ಮಾಮೂಲಿ ಲಕ್ಸ್ ಅಲ್ಲ, ಮೆಲನೋಪ್ಸಿನ್‌ಗೆ ತಾಗುವ ಪಾಲನ್ನು ಮಾತ್ರ ಎಣಿಸುವ ಮೆಲನೋಪಿಕ್ ಲಕ್ಸ್. ಹಾಗಾಗಿ ಬೆಳಕು ಕಡಿಮೆ ಮಾಡಿದರೂ ಉಪಯೋಗ, ಹಳದಿ ಮಾಡಿದರೂ ಉಪಯೋಗ. ಎರಡನ್ನೂ ಮಾಡಿದರೆ ಇನ್ನೂ ಒಳ್ಳೆಯದು.

ಕರೆಂಟ್ ಬಿಲ್ ಕಮ್ಮಿ ಆಗುತ್ತದಾ?

ಆಗುತ್ತದೆ, ಆದರೆ ಹೇಳಿಕೊಳ್ಳುವಷ್ಟಲ್ಲ. 9 ವ್ಯಾಟಿನ ಬಲ್ಬನ್ನು ದಿನಕ್ಕೆ ಮೂರು ಗಂಟೆ 30 ಪರ್ಸೆಂಟಿಗೆ ಇಳಿಸಿದಿರಿ ಅನ್ನಿ. ವರ್ಷಕ್ಕೆ ಹೆಚ್ಚೆಂದರೆ 7 ಯೂನಿಟ್ ಉಳಿಯಿತು. ಆದರೆ ಸ್ಮಾರ್ಟ್ ಬಲ್ಬು ಆಫ್ ಇದ್ದಾಗಲೂ ಸಿಗ್ನಲ್‌ಗಾಗಿ ಕಾಯುತ್ತ ಅರ್ಧ ವ್ಯಾಟಿನ ಹತ್ತಿರ ತಿನ್ನುತ್ತಿರುತ್ತದೆ. ಅದೇ ವರ್ಷಕ್ಕೆ 4 ಯೂನಿಟ್. ಉಳಿದಿದ್ದು ಮೂರೇ ಯೂನಿಟ್. ಬಿಲ್ಲಿಗಾಗಿ ಇದನ್ನು ಮಾಡಬೇಡಿ.

ಮನೆಯಲ್ಲಿರುವ ಮಾಮೂಲಿ ಎಲ್‌ಇಡಿ ಬಲ್ಬನ್ನೇ ಡಿಮ್ ಮಾಡಬಹುದಾ? ಫ್ಯಾನ್ ರೆಗ್ಯುಲೇಟರ್ ಇದೆಯಲ್ಲ?

ದಯವಿಟ್ಟು ಬೇಡ. ಫ್ಯಾನ್ ರೆಗ್ಯುಲೇಟರ್ ಇರುವುದು ಮೋಟರಿಗೆ. ಅದಕ್ಕೆ ಎಲ್‌ಇಡಿ ಕೊಟ್ಟರೆ ಬಲ್ಬು ಮಿಣುಕುತ್ತದೆ, ಗುಂಯ್ ಅನ್ನುತ್ತದೆ, ಬೇಗ ಸಾಯುತ್ತದೆ. ಉಜಾಲಾ ಯೋಜನೆ 2015ರಲ್ಲಿ ಶುರುವಾದ ಮೇಲೆ ಮನೆಮನೆಗೆ ಬಂದ 9 ವ್ಯಾಟಿನ ಬಲ್ಬುಗಳು ಡಿಮ್ ಆಗುವ ಬಲ್ಬುಗಳಲ್ಲ. ಅಂಗಡಿಯಲ್ಲಿ ಸಿಗುವ ಅಗ್ಗದ ಬಲ್ಬುಗಳೂ ಹೆಚ್ಚಾಗಿ ಹಾಗೇ. ಡಬ್ಬದ ಮೇಲೆ ‘ಡಿಮ್ಮಬಲ್’ ಅಂತ ಬರೆದಿದ್ದರೆ ಮಾತ್ರ ಆಗುತ್ತದೆ.

ಫಾಲ್ಸ್ ಸೀಲಿಂಗಿನಲ್ಲಿ ಕೂರಿಸುವ ‘ತ್ರೀ ಇನ್ ಒನ್’ ಲೈಟುಗಳ ಬಗ್ಗೆಯೂ ಒಂದು ಮಾತು. ಸ್ವಿಚ್ ಒಮ್ಮೆ ಆಫ್ ಮಾಡಿ ತಕ್ಷಣ ಆನ್ ಮಾಡಿದರೆ ಬಿಳಿ, ಮತ್ತೆ ಮಾಡಿದರೆ ಹಳದಿ, ಹೀಗೆ ಬದಲಾಗುವ ಲೈಟುಗಳು ಇವು. ನೋಡಲು ಚೆಂದ. ಆದರೆ ಇವುಗಳ ಬೆಳಕು ಇಳಿಸಲು ಬರುವುದಿಲ್ಲ. ಹಿಂದೆ ಸ್ಮಾರ್ಟ್ ಸ್ವಿಚ್ ಹಾಕಿದರೆ ಯಾವ ಹೊತ್ತಿಗೆ ಯಾವ ಬಣ್ಣ ಬರುತ್ತದೆ ಎಂದು ಹೇಳುವುದೂ ಕಷ್ಟ. ಹೊಸದಾಗಿ ಮನೆ ಕಟ್ಟಿಸುವವರು ಸೀಲಿಂಗ್ ಮುಚ್ಚುವ ಮುಂಚೆಯೇ ಇದನ್ನು ಯೋಚಿಸಿದರೆ ಒಳ್ಳೆಯದು.

ಹಾಗಾದರೆ ಏನು ತರಬೇಕು? ಬಲ್ಬಾ, ಸ್ವಿಚ್ಚಾ?

ಎರಡು ದಾರಿ ಇವೆ.

ಒಂದು, ಸ್ಮಾರ್ಟ್ ಬಲ್ಬು. ಹೋಲ್ಡರಿಗೆ ಹಾಕಿದರೆ ಕೆಲಸ ಮುಗಿಯಿತು. ನಮ್ಮ ಕಡೆ ಹಳೆ ಹೋಲ್ಡರುಗಳೆಲ್ಲ ಎರಡು ಪಿನ್ನಿನ ಬಿ22. ತಿರುಗಿಸಿ ಕೂರಿಸುವ ಇ27 ಬಲ್ಬು ತಂದು ಪೇಚಾಡಬೇಡಿ, ಡಬ್ಬದ ಮೇಲೆ ನೋಡಿ. ಬೆಳಕಿನ ಪ್ರಮಾಣವೂ ಬಣ್ಣವೂ ಎರಡೂ ಬದಲಾಗುವುದು ಈ ದಾರಿಯಲ್ಲಿ. ಬಾಡಿಗೆ ಮನೆಯವರಿಗೆ ಇದೇ ಸರಿ, ಮನೆ ಬಿಡುವಾಗ ಕಳಚಿಕೊಂಡು ಹೋಗಬಹುದು.

ಎರಡು, ಸ್ವಿಚ್ ಬೋರ್ಡಿನ ಹಿಂದೆ ಕೂರುವ ಡಿಮ್ಮರ್ ಮಾಡ್ಯೂಲ್. ಡಿಮ್ ಆಗುವ ಮಾಮೂಲಿ ಬಲ್ಬುಗಳನ್ನು ಇದು ನಡೆಸುತ್ತದೆ. ಗೋಡೆಯ ಸ್ವಿಚ್ಚೂ ಎಂದಿನಂತೆ ಕೆಲಸ ಮಾಡುತ್ತದೆ. ಆದರೆ ಬಣ್ಣ ಬದಲಿಸಲು ಆಗುವುದಿಲ್ಲ.

ಹೊರದೇಶದ ವಿಡಿಯೊಗಳಲ್ಲಿ ‘ನ್ಯೂಟ್ರಲ್ ವೈರ್ ಇಲ್ಲದಿದ್ದರೆ ಕಷ್ಟ’ ಅಂತ ತುಂಬಾ ಹೆದರಿಸುತ್ತಾರೆ. ನಮ್ಮ ಮನೆಗಳಲ್ಲಿ ಸ್ವಿಚ್ಚುಗಳ ಪಕ್ಕದಲ್ಲೇ ಅದೇ ಬೋರ್ಡಿನಲ್ಲಿ ಒಂದು ಪ್ಲಗ್ ಪಾಯಿಂಟ್ ಇರುತ್ತದೆ ಅಲ್ವಾ? ಅದಕ್ಕಾಗಿ ನ್ಯೂಟ್ರಲ್ ಆ ಡಬ್ಬಿಗೆ ಬಂದೇ ಇರುತ್ತದೆ. ಪ್ಲಗ್ ಇಲ್ಲದ, ಬರೀ ಸ್ವಿಚ್ಚುಗಳಿರುವ ಬೋರ್ಡಾದರೆ ಮಾತ್ರ ನೋಡಬೇಕು. ನಮ್ಮಲ್ಲಿ ನಿಜವಾದ ತೊಂದರೆ ಜಾಗದ್ದು. ಡಬ್ಬಿಯೊಳಗೆ ವೈರುಗಳು ತುರುಕಿರುತ್ತವೆ, ಮಾಡ್ಯೂಲ್ ಹಿಡಿಸುವುದಿಲ್ಲ. ಈ ಕೆಲಸವನ್ನು ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿ. 230 ವೋಲ್ಟಿನ ಜೊತೆ ಆಟ ಬೇಡ.

ಒಂದು ಕೋಣೆಯಿಂದ ಶುರು ಮಾಡುವವರಿಗೆ ನಾನು ಬಲ್ಬನ್ನೇ ಹೇಳುತ್ತೇನೆ.

ವೈಫೈ ಬಲ್ಬು, ಜಿಗ್ಬೀ ಬಲ್ಬು, ಮ್ಯಾಟರ್ ಬಲ್ಬು. ತಲೆ ಕೆಡುತ್ತದೆ. ಯಾವುದು?

ಎರಡು ಮೂರು ಬಲ್ಬಾದರೆ ವೈಫೈ ಸಾಕು. ಜೋಡಿಸುವಾಗ ನಿಮ್ಮ ಫೋನು 2.4 ಗಿಗಾಹರ್ಟ್ಸ್ ವೈಫೈನಲ್ಲಿರಲಿ, ಬಹುಪಾಲು ಬಲ್ಬುಗಳಿಗೆ 5 ಗಿಗಾಹರ್ಟ್ಸ್ ಕಾಣುವುದೇ ಇಲ್ಲ. ಹತ್ತು ದಾಟಿದರೆ ಜಿಗ್ಬೀ ಒಳ್ಳೆಯದು, ಅದು ಇಂಥ ಸಾಧನಗಳಿಗೆಂದೇ ಇರುವ ಬೇರೆ ವೈರ್‌ಲೆಸ್ ಜಾಲ. ಬಲ್ಬುಗಳ ಜೊತೆ ಮಾತಾಡಲು ಅದಕ್ಕೊಂದು ಬ್ರಿಡ್ಜ್ ಅಥವಾ ಡಾಂಗಲ್ ಬೇಕು, ಆದರೆ ಇಂಟರ್ನೆಟ್ ಹೋದರೂ ಮನೆಯೊಳಗೆ ಎಲ್ಲ ನಡೆಯುತ್ತದೆ. ಮ್ಯಾಟರ್ ಅನ್ನುವುದು 2022ರ ಕೊನೆಗೆ ಬಂದ ಸಾಮಾನ್ಯ ಭಾಷೆ. ಅಲೆಕ್ಸಾ, ಗೂಗಲ್, ಆ್ಯಪಲ್ ಮೂರಕ್ಕೂ ಅದೇ ಬಲ್ಬು ಆಗುತ್ತದೆ.

ಖರೀದಿಸುವ ಮುಂಚೆ ಇದಕ್ಕಿಂತ ಮುಖ್ಯವಾಗಿ ನೋಡಬೇಕಾದದ್ದು ಬೇರೆ ಇದೆ: ಬಲ್ಬು ಎಷ್ಟು ಕೆಳಗೆ ಇಳಿಯುತ್ತದೆ? ವಿಜ್ ಕಂಪನಿಯ ಹೆಚ್ಚಿನ ಬಲ್ಬುಗಳು 10 ಪರ್ಸೆಂಟಿಗೆ ನಿಲ್ಲುತ್ತವೆ. ಫಿಲಿಪ್ಸ್ ಹ್ಯೂ ಅದಕ್ಕಿಂತ ಕೆಳಗೂ ಹೋಗುತ್ತದೆ. ಕತ್ತಲಿಗೆ ಒಗ್ಗಿದ ಕಣ್ಣಿಗೆ ರಾತ್ರಿ ಎರಡು ಗಂಟೆಗೆ 10 ಪರ್ಸೆಂಟೂ ಜಾಸ್ತಿಯೇ. ಮಲಗುವ ಕೋಣೆಗೆ ಬಲ್ಬು ಆರಿಸುವಾಗ ಇದನ್ನೇ ಮೊದಲು ಕೇಳಿ.

ಎಷ್ಟು ಗಂಟೆಗೆ ಎಷ್ಟು ಪರ್ಸೆಂಟ್ ಇಡಬೇಕು?

ನಮ್ಮ ಮನೆಯ ಲೆಕ್ಕ ಹೇಳುತ್ತೇನೆ, ನೀವು ನಿಮ್ಮದಕ್ಕೆ ಹೊಂದಿಸಿಕೊಳ್ಳಿ. ನಾವು ಹತ್ತೂವರೆಗೆ ಮಲಗುವವರು.

ಮುಸ್ಸಂಜೆಯಿಂದ ಎಂಟರವರೆಗೆ ನೂರಕ್ಕೆ ನೂರು, 4000 ಕೆಲ್ವಿನ್ನಿನ ಬಿಳಿ. ಕೆಲ್ವಿನ್ ಅನ್ನುವುದು ಬೆಳಕಿನ ಬಣ್ಣದ ಅಳತೆ, ಸಂಖ್ಯೆ ಇಳಿದಷ್ಟೂ ಹಳದಿ. ಎಂಟರಿಂದ ಒಂಬತ್ತು ಊಟದ ಹೊತ್ತು, 70 ಪರ್ಸೆಂಟ್, 3000 ಕೆಲ್ವಿನ್. ಒಂಬತ್ತರಿಂದ ಹತ್ತರೊಳಗೆ 70 ರಿಂದ 30 ಕ್ಕೆ ನಿಧಾನವಾಗಿ ಇಳಿಯುತ್ತದೆ, ಬಣ್ಣ 2700 ಕ್ಕೆ ಬರುತ್ತದೆ. ಹತ್ತೂವರೆ ಆದ ಮೇಲೆ 10 ಪರ್ಸೆಂಟ್, 2200. ಅದು ಹೆಚ್ಚುಕಡಿಮೆ ದೀಪದ ಬಣ್ಣ. ಬಚ್ಚಲಿನ ಲೈಟು ಹನ್ನೊಂದರಿಂದ ಬೆಳಗಿನ ಐದರವರೆಗೆ 5 ಪರ್ಸೆಂಟ್.

ಶುರುವಿನಲ್ಲಿ ನಾನು ಸೂರ್ಯ ಮುಳುಗುತ್ತಿದ್ದಂತೆಯೇ ಇಳಿಸಲು ಹೋಗಿದ್ದೆ. ಅಮ್ಮ ಒಪ್ಪಲಿಲ್ಲ. ‘ದೀಪ ಹಚ್ಚುವ ಹೊತ್ತಿಗೆ ಮನೆ ಬೆಳಗಬೇಕು, ಆಗಲೇ ಮಂಕು ಮಾಡ್ತೀಯಲ್ಲ’ ಅಂದರು. ಅವರು ಹೇಳಿದ್ದೇ ಸರಿ. ಮಕ್ಕಳು ಓದುವುದು, ದೇವರ ಮುಂದೆ ಕೂರುವುದು, ಯಾರಾದರೂ ಬರುವುದು ಎಲ್ಲ ಆ ಹೊತ್ತಿಗೇ. ನಿದ್ದೆಗೆ ಇನ್ನೂ ನಾಲ್ಕು ಗಂಟೆ ಇರುತ್ತದೆ. ಮುಸ್ಸಂಜೆಯ ಬೆಳಕನ್ನು ಮುಟ್ಟಬೇಡಿ.

ಇನ್ನೊಂದು ವಿಷಯ. ಮೀಟರ್ ತೋರಿಸುವ ಬೆಳಕೂ ಕಣ್ಣಿಗೆ ಕಾಣುವ ಬೆಳಕೂ ಒಂದೇ ಲೆಕ್ಕದಲ್ಲಿ ಇಳಿಯುವುದಿಲ್ಲ. ಅಳತೆಯಲ್ಲಿ ಕಾಲು ಭಾಗಕ್ಕೆ ಇಳಿದಾಗ ಕಣ್ಣಿಗೆ ಅರ್ಧಕ್ಕೆ ಇಳಿದಂತೆ ಅನ್ನಿಸುತ್ತದೆ. ಕೆಲವು ಬಲ್ಬುಗಳು ಇದನ್ನು ತಾವೇ ಸರಿದೂಗಿಸುತ್ತವೆ, ಕೆಲವು ಇಲ್ಲ. ಹಾಗಾಗಿ ನನ್ನ 30 ನಿಮಗೆ 20 ಇರಬಹುದು. ಒಂದು ಸಂಜೆ ಕೂತು ಕಣ್ಣಿನಿಂದಲೇ ನೋಡಿ ಗೊತ್ತು ಮಾಡಿಕೊಳ್ಳಿ.

ಗಡಿಯಾರದ ಸಮಯ ಇಡಬೇಕಾ, ಸೂರ್ಯಾಸ್ತಕ್ಕೆ ಕಟ್ಟಬೇಕಾ?

ನಮ್ಮ ನಾಡಿನಲ್ಲಿ ಇಳಿಸುವುದಕ್ಕೆ ಗಡಿಯಾರ, ಆನ್ ಮಾಡುವುದಕ್ಕೆ ಸೂರ್ಯ. ಬೆಂಗಳೂರಿನಲ್ಲಿ ನವೆಂಬರ್ ಕೊನೆಗೆ ಸೂರ್ಯ 5:50 ರ ಸುಮಾರಿಗೆ ಮುಳುಗಿದರೆ ಜುಲೈ ಮೊದಲಲ್ಲಿ 6:50 ರ ಸುಮಾರಿಗೆ. ವರ್ಷಪೂರ್ತಿ ಲೆಕ್ಕ ಹಾಕಿದರೂ ಒಂದೇ ಗಂಟೆ ವ್ಯತ್ಯಾಸ. ಮುಳುಗಿದ ಇಪ್ಪತ್ತು ಇಪ್ಪತ್ತೆರಡು ನಿಮಿಷಕ್ಕೆಲ್ಲ ಕತ್ತಲು. ನಾವು ಮಲಗುವ ಹೊತ್ತು ಮಾತ್ರ ಬದಲಾಗುವುದಿಲ್ಲ.

ಲಂಡನ್ನಿನಲ್ಲಿರುವ ಕನ್ನಡಿಗರಿಗೆ ಈ ಮಾತು ನಡೆಯುವುದಿಲ್ಲ. ಅಲ್ಲಿ ಜೂನ್‌ನಲ್ಲಿ ಸೂರ್ಯಾಸ್ತ ರಾತ್ರಿ 9:20 ಕ್ಕೆ, ಡಿಸೆಂಬರಿನಲ್ಲಿ ಮಧ್ಯಾಹ್ನ ನಾಲ್ಕಕ್ಕೂ ಮುಂಚೆ. ಬೇಸಿಗೆಯಲ್ಲಿ ಒಂಬತ್ತಕ್ಕೆ ಲೈಟು ಇಳಿಸಿ ಏನು ಉಪಯೋಗ, ಕಿಟಕಿಯಲ್ಲೇ ಹಗಲಿರುತ್ತದೆ. ಅಲ್ಲಿ ಲೈಟಿನ ಜೊತೆ ಪರದೆಯೂ ತಾನಾಗಿ ಮುಚ್ಚುವಂತೆ ಮಾಡಬೇಕು. ಮಾರ್ಚ್ ಮತ್ತು ಅಕ್ಟೋಬರಿನಲ್ಲಿ ಗಡಿಯಾರ ಒಂದು ಗಂಟೆ ಸರಿಯುವುದನ್ನು ಹೆಚ್ಚಿನ ಆ್ಯಪ್‌ಗಳು ತಾವೇ ನೋಡಿಕೊಳ್ಳುತ್ತವೆ. ಟೈಮ್ ಜೋನ್ ಸರಿಯಾಗಿದೆಯಾ ಎಂದು ಮಾತ್ರ ಒಮ್ಮೆ ನೋಡಿ.

ಅಲೆಕ್ಸಾ, ಗೂಗಲ್, ಐಫೋನ್ ಇದ್ದರೆ ಸಾಕಾ? ಬೇರೆ ಏನಾದರೂ ಬೇಕಾ?

ಶುರುವಿಗೆ ಸಾಕು. ಅಲೆಕ್ಸಾ ಆ್ಯಪಿನಲ್ಲಿ ‘ರುಟೀನ್’ ಮಾಡಿ, ಸಮಯ ಕೊಟ್ಟು, ಸ್ಮಾರ್ಟ್ ಹೋಮ್ ಒಳಗೆ ಲೈಟು ಆರಿಸಿ, ಬ್ರೈಟ್‌ನೆಸ್ ಪರ್ಸೆಂಟ್ ಕೊಡಿ. ಎಂಟಕ್ಕೊಂದು, ಒಂಬತ್ತಕ್ಕೊಂದು, ಹತ್ತಕ್ಕೊಂದು ಮಾಡಿದರೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಗೂಗಲ್‌ನಲ್ಲಿ ಹೊಂದುವ ಬಲ್ಬುಗಳಿಗೆ ಅರ್ಧ ಗಂಟೆಯಲ್ಲಿ ನಿಧಾನವಾಗಿ ಇಳಿಸುವ ಸೌಲಭ್ಯವೂ ಇದೆ. ಐಫೋನಿನ ‘ಅಡಾಪ್ಟಿವ್ ಲೈಟಿಂಗ್’ 2020ರಲ್ಲಿ ಬಂದಿದ್ದು. ಅದನ್ನು ಹಾಕಿ ಬೆಳಕು ಇಳಿಯುತ್ತಿಲ್ಲ ಎಂದು ಹಲವರು ಕೇಳುತ್ತಾರೆ. ಅದು ಬದಲಿಸುವುದು ಬಣ್ಣವನ್ನು ಮಾತ್ರ. ಬೆಳಕು ಇಳಿಸಲು ಬೇರೆ ಆಟೊಮೇಷನ್ (ತಾನಾಗಿ ನಡೆಯುವ ಆಜ್ಞೆ) ಮಾಡಬೇಕು.

ಇವುಗಳಲ್ಲಿ ಒಂದು ಮಿತಿ ಬೇಗ ಎದುರಾಗುತ್ತದೆ. ಆಗ ಹೋಮ್ ಅಸಿಸ್ಟೆಂಟ್ ಕಡೆಗೆ ಬರುತ್ತೀರಿ. 2013ರಿಂದ ನಡೆದುಬಂದಿರುವ ಉಚಿತ, ಓಪನ್ ಸೋರ್ಸ್ ತಂತ್ರಾಂಶ ಇದು. ರಾಸ್ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಅಥವಾ ಹಳೆ ಮಿನಿ ಕಂಪ್ಯೂಟರಿನಲ್ಲಿ ಮನೆಯೊಳಗೇ ಓಡುತ್ತದೆ. ಆ ಮಿತಿ ಯಾವುದು ಅನ್ನುವುದೇ ಮುಂದಿನ ಪ್ರಶ್ನೆ.

ಒಂಬತ್ತಕ್ಕೆ ಇಳಿಯಲಿ ಅಂತ ಇಟ್ಟಿದ್ದೇನೆ. ಆದರೆ ಒಂಬತ್ತೂವರೆಗೆ ಲೈಟು ಹಾಕಿದರೆ ಪೂರ್ತಿ ಬೆಳಕು ಬರುತ್ತದೆ. ಯಾಕೆ?

ಎಲ್ಲರೂ ಎಡವುವ ಜಾಗ ಇದೇ. ನಾನೂ ಎಡವಿದ್ದೇನೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನೀವು ಯಂತ್ರಕ್ಕೆ ಹೇಳಿದ್ದು ‘ಒಂಬತ್ತು ಗಂಟೆ ಹೊಡೆದಾಗ ಇಳಿಸು’ ಎಂದು. ಅದು ಒಂಬತ್ತಕ್ಕೆ ಇಳಿಸಿ ಕೆಲಸ ಮುಗಿಸಿತು. ಒಂಬತ್ತೂವರೆಗೆ ಯಾರೋ ಇನ್ನೊಂದು ಕೋಣೆಯ ಲೈಟು ಹಾಕಿದರೆ ಅದಕ್ಕೆ ಸಂಬಂಧವಿಲ್ಲ. ನಿಮಗೆ ನಿಜವಾಗಿ ಬೇಕಾಗಿದ್ದು ಬೇರೆ ಮಾತು: ‘ಈಗ ಲೈಟು ಉರಿಯುತ್ತಿದ್ದರೆ, ಈ ಹೊತ್ತಿಗೆ ಎಷ್ಟಿರಬೇಕೋ ಅಷ್ಟಿರಲಿ.’ ಈ ಮಾತನ್ನು ಹಿಡಿದುಕೊಂಡರೆ ಮುಂದಿನ ಅರ್ಧ ತೊಂದರೆಗಳು ಹುಟ್ಟುವುದೇ ಇಲ್ಲ.

ಹೋಮ್ ಅಸಿಸ್ಟೆಂಟಿನಲ್ಲಿ ಹೀಗೆ ಮಾಡಿ. ಒಂದೇ ಆಟೊಮೇಷನ್‌ಗೆ ಮೂರು ಟ್ರಿಗರ್, ಅಂದರೆ ಅದು ಕೆಲಸ ಶುರು ಮಾಡಬೇಕಾದ ಸಂದರ್ಭ, ಕೊಡಿ: ಮೂರು ನಿಮಿಷಕ್ಕೊಮ್ಮೆ, ಲೈಟು ಆಫ್‌ನಿಂದ ಆನ್ ಆದಾಗ, ಮತ್ತು ಹೋಮ್ ಅಸಿಸ್ಟೆಂಟ್ ಶುರುವಾದಾಗ. ಮೂರರಲ್ಲಿ ಯಾವುದು ಬಂದರೂ ಅದು ಈಗಿನ ಸಮಯ ನೋಡಿ ಲೆಕ್ಕ ಹಾಕಬೇಕು. ಒಂಬತ್ತರಿಂದ ಹತ್ತರವರೆಗಿನ ಲೆಕ್ಕ ಸುಲಭ. ಅರವತ್ತು ನಿಮಿಷದಲ್ಲಿ ನಲವತ್ತು ಪರ್ಸೆಂಟ್ ಇಳಿಯಬೇಕು, ಅಂದರೆ ಮೂರು ನಿಮಿಷಕ್ಕೆ ಎರಡು. ಒಂಬತ್ತು ಆಗಿ ಎಷ್ಟು ನಿಮಿಷವಾಯಿತೋ ಅದನ್ನು 40 ರಿಂದ ಗುಣಿಸಿ, 60 ರಿಂದ ಭಾಗಿಸಿ, 70 ರಲ್ಲಿ ಕಳೆಯಿರಿ. ಒಂಬತ್ತೂವರೆಗೆ 50 ಬರುತ್ತದೆ. ಒಂಬತ್ತು ಮುಕ್ಕಾಲಿಗೆ 40. ಇಂಥ ಲೆಕ್ಕ ಬರೆಯುವ ಟೆಂಪ್ಲೇಟಿನಲ್ಲಿ ಒಂದೇ ಸಾಲು.

ಎರಡೆರಡೇ ಪರ್ಸೆಂಟ್ ಇಳಿಯುವುದರಿಂದ ಕೂತವರಿಗೆ ಗೊತ್ತೇ ಆಗುವುದಿಲ್ಲ. ನಮ್ಮ ನಡುಮನೆಯಲ್ಲಿ ಬೆಳಕು ಇಳಿಯುವುದನ್ನು ನಾನು ಯಾವತ್ತೂ ನೋಡಿಲ್ಲ. ಇಳಿದಿರುವುದು ಗೊತ್ತಾಗುವುದು ಬಚ್ಚಲಿಗೋ ಅಂಗಳಕ್ಕೋ ಹೋಗಿ ವಾಪಸ್ ಬಂದಾಗ.

ಲೆಕ್ಕ, ಟೆಂಪ್ಲೇಟು ಬೇಡ ಅನ್ನುವವರಿಗೆ ‘ಅಡಾಪ್ಟಿವ್ ಲೈಟಿಂಗ್’ ಎಂಬ ಸಿದ್ಧ ಸೇರ್ಪಡೆ ಇದೆ. ಹೆಸರು ಐಫೋನಿನದ್ದೇ, ಆದರೆ ಇದು ಬೇರೆ. ಹೋಮ್ ಅಸಿಸ್ಟೆಂಟ್ ಬಳಕೆದಾರರೇ ಮಾಡಿದ ಸೇರ್ಪಡೆಗಳು ಸಿಗುವ ‘ಹ್ಯಾಕ್ಸ್’ (HACS) ಮೂಲಕ ಹಾಕಿಕೊಳ್ಳಬಹುದು. ಬೆಳಕು, ಬಣ್ಣ ಎರಡನ್ನೂ ಅದು ನೋಡಿಕೊಳ್ಳುತ್ತದೆ.

ಯಾರೂ ಇಲ್ಲದ ಕೋಣೆಯಲ್ಲೂ ಒಂಬತ್ತಕ್ಕೆ ಲೈಟು ತಾನಾಗಿ ಹೊತ್ತಿಕೊಳ್ಳುತ್ತದೆ!

ಹೌದು, ಹೊಸಬರು ಇದಕ್ಕೆ ಬೆಚ್ಚಿಬೀಳುತ್ತಾರೆ. ಬೆಳಕು ಇಷ್ಟಿರಲಿ ಎಂದು ಹೇಳುವ ಆಜ್ಞೆಯೂ ಲೈಟು ಆನ್ ಮಾಡುವ ಆಜ್ಞೆಯೂ ಒಂದೇ. ಆಫ್ ಇದ್ದ ಬಲ್ಬಿಗೆ ‘30 ಪರ್ಸೆಂಟ್’ ಅಂದರೆ ಅದು 30 ಪರ್ಸೆಂಟಿನಲ್ಲಿ ಹೊತ್ತಿಕೊಳ್ಳುತ್ತದೆ. ಲೈಟು ಈಗಾಗಲೇ ಆನ್ ಇದ್ದರೆ ಮಾತ್ರ ಎಂಬ ಕಂಡೀಷನ್ ಹಾಕಿ. ಐದಾರು ಬಲ್ಬನ್ನು ಗ್ರೂಪ್ ಮಾಡಿದ್ದರೆ ಇನ್ನೂ ಹುಷಾರು. ಒಂದು ಉರಿಯುತ್ತಿದ್ದರೂ ಗ್ರೂಪ್ ‘ಆನ್’ ಅಂತಲೇ ತೋರಿಸುತ್ತದೆ, ಆಗ ಐದಕ್ಕೈದೂ ಹೊತ್ತುತ್ತವೆ. ಕಂಡೀಷನ್ನು ಬಲ್ಬು ಬಲ್ಬಿಗೂ ಬೇರೆ ಬೇರೆ ಇರಲಿ.

‘ಟ್ರಾನ್ಸಿಷನ್’ (ಬೆಳಕು ಬದಲಾಗಲು ತೆಗೆದುಕೊಳ್ಳುವ ಸಮಯ) ಒಂದು ಗಂಟೆ ಕೊಟ್ಟರೆ ಬಲ್ಬೇ ನಿಧಾನವಾಗಿ ಇಳಿಯುತ್ತದಲ್ಲ?

ಜಿಗ್ಬೀಯಲ್ಲಿ ಅವಕಾಶ ಇದೆ. ಆ ಭಾಷೆಯಲ್ಲಿ ಸಮಯವನ್ನು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಎಣಿಸುತ್ತಾರೆ, ಒಂದೇ ಆಜ್ಞೆಯಲ್ಲಿ 109 ನಿಮಿಷದವರೆಗೆ ಹೇಳಬಹುದು. ಆದರೆ ಮಧ್ಯದಲ್ಲಿ ಯಾರಾದರೂ ಸ್ವಿಚ್ ಒತ್ತಿದರೆ ಎಲ್ಲ ಅಲ್ಲಿಗೇ ನಿಂತಿತು. ಅನೇಕ ಅಗ್ಗದ ವೈಫೈ ಬಲ್ಬುಗಳು ಈ ಸಂಖ್ಯೆಯನ್ನು ಕಿವಿಗೇ ಹಾಕಿಕೊಳ್ಳುವುದಿಲ್ಲ. ಮೂರು ನಿಮಿಷಕ್ಕೊಮ್ಮೆ ಲೆಕ್ಕ ಹಾಕಿಸಿ. ಟ್ರಾನ್ಸಿಷನ್ ಎರಡು ಮೂರು ಸೆಕೆಂಡ್ ಇಟ್ಟರೆ ಸಾಕು.

ಅಮ್ಮ ಗೋಡೆಯ ಸ್ವಿಚ್ ಆಫ್ ಮಾಡಿಬಿಡುತ್ತಾರೆ. ಬಲ್ಬು ಸತ್ತೇ ಹೋಗುತ್ತದೆ. ಏನು ಮಾಡಲಿ?

ಅಮ್ಮನಿಗೆ ಪಾಠ ಮಾಡಬೇಡಿ. ಅರವತ್ತು ವರ್ಷ ಸ್ವಿಚ್ ಒತ್ತಿದ ಕೈ ಅದು. ಮನೆಯ ವ್ಯವಸ್ಥೆ ಆ ಕೈಗೆ ಹೊಂದಬೇಕು.

ಅತಿ ಸುಲಭದ ದಾರಿ: ಸ್ವಿಚ್ ಆಫ್ ಆಗಲಿ ಬಿಡಿ. ಮತ್ತೆ ಹಾಕಿದಾಗ ಬಲ್ಬು ಕೆಲವು ಸೆಕೆಂಡಿನಲ್ಲಿ ನೆಟ್‌ವರ್ಕಿಗೆ ಸೇರುತ್ತದೆ, ‘ಆನ್ ಆದಾಗ’ ಎಂಬ ಟ್ರಿಗರ್ ಅದನ್ನು ಹೊತ್ತಿಗೆ ತಕ್ಕ ಬೆಳಕಿಗೆ ತರುತ್ತದೆ. ಇಲ್ಲೊಂದು ಸೂಕ್ಷ್ಮ ಇದೆ. ಆಗ ಬಲ್ಬಿನ ಸ್ಥಿತಿ ‘ಆಫ್’ ಇರುವುದಿಲ್ಲ, ‘ಅನ್‌ಅವೈಲಬಲ್’ ಇರುತ್ತದೆ. ಆಫ್‌ನಿಂದ ಆನ್ ಎಂದು ಮಾತ್ರ ಬರೆದಿದ್ದರೆ ಟ್ರಿಗರ್ ಹಾರುವುದಿಲ್ಲ. ಅನ್‌ಅವೈಲಬಲ್‌ನಿಂದ ಆನ್ ಎಂಬುದನ್ನೂ ಸೇರಿಸಿ. ಜಿಗ್ಬೀ ಬಲ್ಬಾದರೆ ಇನ್ನೊಂದು ತೊಂದರೆ ಇದೆ. ಅವು ಒಂದರ ಸಿಗ್ನಲನ್ನು ಇನ್ನೊಂದು ದಾಟಿಸುತ್ತವೆ. ಹಜಾರದ ಬಲ್ಬು ಸತ್ತರೆ ಹಿಂದಿನ ಕೋಣೆಯದು ಕೈಗೆ ಸಿಗದೆ ಹೋಗಬಹುದು.

ಖರ್ಚು ಮಾಡಲು ಸಿದ್ಧರಿದ್ದರೆ ಸ್ವಿಚ್ಚಿನ ಹಿಂದೆ ಶೆಲ್ಲಿ, ಸೋನಾಫ್ ಥರದ ಪುಟ್ಟ ಮಾಡ್ಯೂಲ್ ಹಾಕಿಸಿ, ‘ಡಿಟ್ಯಾಚ್ಡ್’ ಮೋಡಿನಲ್ಲಿಡಿ. ಬಲ್ಬಿಗೆ ಕರೆಂಟು ಸದಾ ಇರುತ್ತದೆ. ಸ್ವಿಚ್ ಬರೀ ಸುದ್ದಿ ಕಳಿಸುತ್ತದೆ. ಅಮ್ಮನಿಗೆ ಯಾವ ವ್ಯತ್ಯಾಸವೂ ಗೊತ್ತಾಗುವುದಿಲ್ಲ.

ಕರೆಂಟು ಹೋಗಿ ಬಂದರೆ?

ಮೊದಲ ವರ್ಷದ ಮಳೆಗಾಲದ ಒಂದು ರಾತ್ರಿ ನನಗೆ ಚೆನ್ನಾಗಿ ನೆನಪಿದೆ. ಗುಡುಗು ಮಳೆಗೆ ಹನ್ನೆರಡಕ್ಕೆ ಕರೆಂಟು ಹೋಯಿತು. ಬಂದಿದ್ದು ಎರಡೂ ಮುಕ್ಕಾಲಿಗೆ. ಬಂದ ಕ್ಷಣ ಮನೆಯ ಏಳೂ ಬಲ್ಬು ಪೂರ್ತಿ ಬಿಳಿಯಾಗಿ ಒಟ್ಟಿಗೆ ಹೊತ್ತಿಕೊಂಡವು. ಮಗಳು ಎದ್ದು ಕೂತಳು. ಬೆಳಗಾಯಿತು ಅಂತ ಅಮ್ಮ ಕೋಣೆಯಿಂದ ಹೊರಗೆ ಬಂದುಬಿಟ್ಟರು.

ಬಲ್ಬಿನ ಆ್ಯಪಿನಲ್ಲಿ ‘ಪವರ್ ಆನ್ ಬಿಹೇವಿಯರ್’ ಎಂಬ ಸೆಟ್ಟಿಂಗ್ ಹುಡುಕಿ. ಅದನ್ನು ‘ಹಿಂದೆ ಹೇಗಿತ್ತೋ ಹಾಗೆ’ ಎಂದು ಇಡಿ. ಆಫ್ ಇದ್ದ ಬಲ್ಬು ಆಫ್ ಆಗಿಯೇ ಇರುತ್ತದೆ. ಗೋಡೆಯ ಸ್ವಿಚ್ಚಿನಿಂದಲೇ ನಡೆಸುವ ಬಲ್ಬಿಗೂ ಇದು ಹೊಂದುತ್ತದೆ. ಆ್ಯಪಿನಿಂದ ಆಫ್ ಮಾಡಿದ ಬಲ್ಬನ್ನು ಮತ್ತೆ ಸ್ವಿಚ್ಚಿನಿಂದ ಹಾಕಲು ಹೋದಾಗ ಮಾತ್ರ ಸ್ವಲ್ಪ ಗೊಂದಲ ಆಗಬಹುದು. ಎಲ್ಲ ಬಲ್ಬಿನಲ್ಲೂ ಈ ಸೆಟ್ಟಿಂಗ್ ಇರುವುದಿಲ್ಲ. ಕೊಳ್ಳುವ ಮುಂಚೆ ಕೇಳಿ.

ರಾಸ್ಬೆರಿ ಪೈ ಇಟ್ಟುಕೊಂಡವರಿಗೆ ಇನ್ನೊಂದು ಎಚ್ಚರಿಕೆ. ಪೈ 4 ರವರೆಗಿನ ಬೋರ್ಡುಗಳಲ್ಲಿ ಬ್ಯಾಟರಿ ಗಡಿಯಾರ ಇಲ್ಲ. ಸಮಯ ತಿಳಿಯಲು ಅವು ಇಂಟರ್ನೆಟ್ ಕೇಳುತ್ತವೆ. ಕರೆಂಟು ಬಂದು ಇಂಟರ್ನೆಟ್ ಬರದಿದ್ದರೆ ಪೈ ತಪ್ಪು ಸಮಯದಲ್ಲೇ ಕೆಲಸ ಶುರು ಮಾಡುತ್ತದೆ. ಡಿಎಸ್3231 ಎಂಬ ಸಣ್ಣ ಗಡಿಯಾರದ ಚಿಪ್ ಹಾಕಿಕೊಳ್ಳಬಹುದು. ಪೈ 5 ರಲ್ಲಿ ಗಡಿಯಾರ ಇದೆ, ಬ್ಯಾಟರಿ ಮಾತ್ರ ಬೇರೆ ಕೊಳ್ಳಬೇಕು. ಎಲ್ಲಕ್ಕಿಂತ ಒಳ್ಳೆಯದು ಪೈ ಮತ್ತು ರೂಟರ್ ಎರಡನ್ನೂ ಇನ್ವರ್ಟರ್ ಲೈನಿಗೆ ಹಾಕುವುದು. ಏಕಾಏಕಿ ಕರೆಂಟು ಹೋದರೆ ಮೆಮೊರಿ ಕಾರ್ಡೂ ಹಾಳಾಗುತ್ತದೆ. ನನ್ನದು ಎರಡು ಹೋಗಿವೆ.

ಹಳೆಯ ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಗೋಡೆಯ ಡಿಮ್ಮರ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಗುಂಯ್ ಎಂದರೆ ಬಲ್ಬು ಕೆಟ್ಟಿದೆ ಎಂದು ಬದಲಿಸಲು ಹೋಗಬೇಡಿ, ಇನ್ವರ್ಟರ್ ಯಾವುದು ನೋಡಿ.

ಯಾರಿಗಾದರೂ ಆ ಹೊತ್ತಲ್ಲಿ ಜಾಸ್ತಿ ಬೆಳಕು ಬೇಕಾದರೆ?

ಕೊಡಲೇಬೇಕು. ಒಂದು ರಾತ್ರಿ ಹತ್ತೂಕಾಲಿಗೆ ಅಮ್ಮ ಮಾತ್ರೆ ಪಟ್ಟಿಯ ಹಿಂದಿನ ಅಕ್ಷರ ಓದುತ್ತಿದ್ದರು. ಬಿಪಿ ಮಾತ್ರೆ ಯಾವುದು, ಶುಗರ್ ಮಾತ್ರೆ ಯಾವುದು ಎಂದು ನೋಡಲು ಪಟ್ಟಿಯನ್ನು ಬಲ್ಬಿನ ಹತ್ತಿರ ಎತ್ತಿ ಹಿಡಿದಿದ್ದರು. ನಾನು ಎದ್ದು ಬೆಳಕು ಜಾಸ್ತಿ ಮಾಡಿದೆ. ಮೂರೇ ನಿಮಿಷಕ್ಕೆ ಯಂತ್ರ ಅದನ್ನು ಮತ್ತೆ ಇಳಿಸಿತು. ಅವರು ಇನ್ನೂ ಓದುತ್ತಲೇ ಇದ್ದರು. ಆ ರಾತ್ರಿಯೇ ಕೂತು ಅದನ್ನು ಸರಿ ಮಾಡಿದೆ.

ಯಾರಾದರೂ ಕೈಯಿಂದ ಬೆಳಕು ಬದಲಿಸಿದರೆ ಆ ಬಲ್ಬನ್ನು ಆ ರಾತ್ರಿ ಯಂತ್ರ ಮುಟ್ಟಬಾರದು. ಆಫ್ ಮಾಡಿ ಮತ್ತೆ ಹಾಕಿದಾಗ ಬೇಕಾದರೆ ಹಳೇ ಲೆಕ್ಕಕ್ಕೆ ಮರಳಲಿ. ಅಡಾಪ್ಟಿವ್ ಲೈಟಿಂಗ್‌ನಲ್ಲಿ ‘ಟೇಕ್ ಓವರ್ ಕಂಟ್ರೋಲ್’ ಎಂಬ ಆಯ್ಕೆ ಇದೇ ಕೆಲಸಕ್ಕೆ ಇದೆ. ಅದು ಆನ್ ಇದೆಯಾ ನೋಡಿಕೊಳ್ಳಿ. ಸ್ವಂತ ಆಟೊಮೇಷನ್ ಬರೆದವರು ಒಂದು ‘ಟಾಗಲ್’ ಹೆಲ್ಪರ್ (ಹೋಮ್ ಅಸಿಸ್ಟೆಂಟ್ ಒಳಗಿನ ಸ್ವಿಚ್) ಮಾಡಿ, ಅದು ಆನ್ ಇದ್ದಾಗ ಏನೂ ಇಳಿಯದಂತೆ ಬರೆಯಿರಿ. ನಮ್ಮಲ್ಲಿ ಅದರ ಹೆಸರು ‘ಓದುವ ದಿನ’. ಪರೀಕ್ಷೆಯ ತಿಂಗಳಲ್ಲಿ ಮಗಳ ಕೋಣೆಗೆ ಅದು ಆನ್ ಆಗಿಯೇ ಇರುತ್ತದೆ. ಹಬ್ಬಕ್ಕೆ ನೆಂಟರು ಬಂದಾಗಲೂ ಅದೇ. ಅಮ್ಮನ ಮಂಚದ ಪಕ್ಕದ ಗೋಡೆಗೆ ಒಂದು ಜಿಗ್ಬೀ ಬಟನ್ ಅಂಟಿಸಿದ್ದೇನೆ. ಒತ್ತಿದರೆ ಹತ್ತು ನಿಮಿಷ ಪೂರ್ತಿ ಬೆಳಕು. ಮನೆಯಲ್ಲಿ ಅತಿ ಹೆಚ್ಚು ಬಳಕೆಯಾಗುವ ಸಾಧನ ಈಗ ಅದೇ.

ಯಾವ ಜಾಗದಲ್ಲಿ ಬೆಳಕು ಇಳಿಸಬಾರದು?

ಮೆಟ್ಟಿಲು. ವಯಸ್ಸಾದ ಕಣ್ಣಿಗೆ ಜಾಸ್ತಿ ಬೆಳಕು ಬೇಕು. ಮೆಟ್ಟಿಲ ಅಂಚು ಕಾಣದೆ ಬಿದ್ದರೆ ಸೊಂಟ ಮುರಿಯುತ್ತದೆ. ಬಣ್ಣ ಹಳದಿ ಮಾಡಿ, ಪ್ರಮಾಣ ಇಳಿಸಬೇಡಿ. ಈಳಿಗೆಮಣೆ, ಚಾಕು ಹಿಡಿಯುವ ಅಡುಗೆಕಟ್ಟೆಯೂ ಹಾಗೇ. ಗೇಟಿನ ದೀಪ ಕೂಡ. ದೇವರ ಮನೆಯನ್ನು ನಾನು ಯಾವ ಲೆಕ್ಕಕ್ಕೂ ಸೇರಿಸಿಲ್ಲ.

ಡಿಮ್ ಮಾಡಿದಾಗ ಬಲ್ಬು ಮಿಣುಕುತ್ತದೆ, ಫೋನಿನ ಕ್ಯಾಮೆರಾದಲ್ಲಿ ಪಟ್ಟೆ ಕಾಣುತ್ತದೆ.

ಅನೇಕ ಎಲ್‌ಇಡಿಗಳು ಡಿಮ್ ಆಗುವುದೇ ವೇಗವಾಗಿ ಆನ್ ಆಫ್ ಆಗುವ ಮೂಲಕ. ವೇಗ ಕಡಿಮೆಯಿದ್ದರೆ ಕ್ಯಾಮೆರಾದಲ್ಲಿ ಪಟ್ಟೆ ಕಾಣುತ್ತದೆ, ಕೆಲವರಿಗೆ ತಲೆನೋವೂ ಬರುತ್ತದೆ. ಕಣ್ಣಿಗೇ ಕಾಣುವಷ್ಟು ಮಿಣುಕಿದರೆ ಆ ಬಲ್ಬು ಬದಲಿಸಿ. ಗೋಡೆಯ ಡಿಮ್ಮರ್ ಆಗಿದ್ದರೆ ಕನಿಷ್ಠ ಮಟ್ಟವನ್ನು ಸ್ವಲ್ಪ ಮೇಲೆ ಇಡಿ.

ಬೆಳಗ್ಗೆ ಇದೇ ಥರ ಬೆಳಕು ಏರಿಸಬಹುದಾ?

ಏರಿಸಬಹುದು, ಲೆಕ್ಕ ತಿರುಗಿಸಿ ಬರೆದರಾಯಿತು. ಐದೂವರೆಗೆ 1 ಪರ್ಸೆಂಟಿನಿಂದ ಶುರು ಮಾಡಿ ಆರಕ್ಕೆ 60. ಇಲ್ಲಿ ಮಾತ್ರ ಲೈಟು ತಾನಾಗಿ ಆನ್ ಆಗಬೇಕು, ‘ಆನ್ ಇದ್ದರೆ ಮಾತ್ರ’ ಎಂಬ ಕಂಡೀಷನ್ ತೆಗೆಯಿರಿ. ಭಾನುವಾರ ಬಿಟ್ಟು ಇಡಿ. ಅಡುಗೆಮನೆಯನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ಅಷ್ಟು ಹೊತ್ತಿಗೇ ಎದ್ದು ಫಿಲ್ಟರಿಗೆ ಕಾಫಿಪುಡಿ ಹಾಕಿ ಬಿಸಿನೀರು ಸುರಿಯುವವರಿಗೆ ಪೂರ್ತಿ ಬೆಳಕು ಬೇಕು.